ಬೀಗದ ಕೈ ಯಾವ ಮನೆಯಲ್ಲಿದೆ?

ಮೈಸೂರಿನಿಂದ ಹುಣಸೂರಿಗೆ ಹೋಗುವವರಿಗೆ ಬಿಳಿಕೆರೆ ಒಂದು ಕವಲು. ನೇರ ಹೋದರೆ ಹುಣಸೂರು, ಮಡಿಕೇರಿ. ಬಲಕ್ಕೆ ತಿರುಗಿದರೆ ಕೆ.ಆರ್. ನಗರ, ಹೊಳೆನರಸೀಪುರ, ಹಾಸನ. ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತಿದ್ದರೆ ಕವಲು ತೊಂದರೆ ಕೊಡುವುದಿಲ್ಲ. ನಮ್ಮ ಮನೆಯ ಕಂಪ್ಯೂಟರ್ ಕೂಡ ಒಂದು ವರ್ಷ ಹೀಗೆಯೇ ಇತ್ತು. ಗುಂಡಿ ಒತ್ತಿದ ಕೂಡಲೇ ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದು ‘ವಿಂಡೋಸಿಗೋ, ಲಿನಕ್ಸಿಗೋ’ ಎಂದು ಕೇಳುತ್ತಿತ್ತು. ನಾನು ಒಂದನ್ನು ಆರಿಸಿ ಕೆಲಸಕ್ಕೆ ಕೂರುತ್ತಿದ್ದೆ.

ಈ ಡೆಸ್ಕ್‌ಟಾಪನ್ನು ನಾನು ಪದವಿಗೆ ಸೇರಿದ ವರ್ಷ, ಆ ಸಲದ ಹೊಗೆಸೊಪ್ಪು ಮಾರಿ ಬಂದ ದುಡ್ಡಿನಲ್ಲಿ ಅಪ್ಪ ಕೊಡಿಸಿದ್ದು. ಮೊದಲಿನಿಂದ ಇದ್ದ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ 10 ಇದೆ. ಪಿಎಚ್‌ಡಿಗೆ ಸೇರಿದ ಮೇಲೆ ಫೆಲೋಶಿಪ್ ಹಣದಲ್ಲಿ ಒಂದು ಎಸ್‌ಎಸ್‌ಡಿ ತಂದು, ಅದರಲ್ಲಿ ಲಿನಕ್ಸ್ ಹಾಕಿಕೊಂಡೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಡ್ರೈವ್, ಎರಡು ಸಂಸಾರ. ‘ಒಂದು ಸಂಸಾರ ತೂಗಿಸೋದೇ ಕಷ್ಟ, ನಿಂಗೆ ಎರಡು ಯಾಕವ್ವ?’ ಎಂದು ಅಪ್ಪ ಆಗಲೇ ಕೇಳಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುವ ಹೊತ್ತು ಕಳೆದ ಚಳಿಗಾಲದಲ್ಲಿ ಬಂತು. ಈ ಬರಹ ಅದರ ಕತೆ, ಮತ್ತು ಕನ್ನಡ ಓದುವ ಬರೆಯುವ ನಮ್ಮೆಲ್ಲರ ಮೇಲೆ ಒಂದು ಜಗಳ.

ಆದದ್ದು ಇಷ್ಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಹಳೆಯ ಪೆಟ್ಟಿಗೆಗೆ 11 ಹತ್ತುವುದಿಲ್ಲ. ಜೊತೆಗೆ ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡಲು ಶುರು ಮಾಡಿತ್ತು. ಕೊಲೊಕ್ವಿಯಂಗೆ ಮೂರು ವಾರ ಇತ್ತು. ಡಿಸ್ಕಿನಲ್ಲಿದ್ದದ್ದನ್ನು ಬೇರೆಡೆ ನಕಲು ಮಾಡಿಸೋಣವೆಂದು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಲಿನಕ್ಸ್ ಇರುವುದು ಬೇರೆ ಡ್ರೈವಿನಲ್ಲಿ ತಾನೆ, ಅದರ ಪಾಡಿಗೆ ಅದು ಓಡುತ್ತದೆ ಎಂದುಕೊಂಡು ಗುಂಡಿ ಒತ್ತಿದರೆ, ಬೂಟ್ ಮಾಡಲು ಸಾಧನವೇ ಸಿಗುತ್ತಿಲ್ಲ ಎಂಬ ಒಂದು ಸಾಲು ಬಂತು. ಗಾಬರಿಯಾಗಿ ಡಿಸ್ಕನ್ನು ಮತ್ತೆ ಜೋಡಿಸಿದೆ. ಈಗ ಯಾವ ಪ್ರಶ್ನೆಯೂ ಇಲ್ಲದೆ ನೇರ ವಿಂಡೋಸ್ ತೆರೆದುಕೊಂಡಿತು. ಲಿನಕ್ಸ್ ಎಂಬುದೊಂದು ಅಲ್ಲಿ ಇದ್ದ ಗುರುತೇ ಇಲ್ಲ. ನನ್ನ ಪ್ರಬಂಧದ ಐದು ಅಧ್ಯಾಯಗಳು ಇದ್ದದ್ದು ಅದರಲ್ಲಿ.

ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಹುಡುಗ ಎರಡು ನಿಮಿಷ ನೋಡಿ, ‘ಎರಡೂ ಫಾರ್ಮ್ಯಾಟ್ ಹೊಡೆದು ಒಂದೇ ವಿಂಡೋಸ್ ಹಾಕ್ಕೊಡ್ತೀನಿ ಮೇಡಂ, ನೆಮ್ಮದಿಯಾಗಿರಿ’ ಎಂದ. ನಮ್ಮೂರಿನ ಕಂಪ್ಯೂಟರ್ ವೈದ್ಯದಲ್ಲಿ ಇರುವುದು ಇದೊಂದೇ ಔಷಧಿ. ತಲೆನೋವಿಗೂ ಇದೇ, ಕಾಲು ಮುರಿತಕ್ಕೂ ಇದೇ. ಮೈಸೂರಿನ ಹಾಸ್ಟೆಲಿನಲ್ಲಿರುವ ಲಿನಕ್ಸ್ ಪ್ರೇಮಿ ಗೆಳೆಯನಿಗೆ ಫೋನ್ ಮಾಡಿದರೆ ಅವನದು ಅದೇ ಔಷಧಿ, ತಿರುವುಮುರುವಾಗಿ: ‘ವಿಂಡೋಸ್ ಒರೆಸಿ ಬಿಸಾಕು, ಸ್ವತಂತ್ರಳಾಗು.’ ಇಬ್ಬರೂ ನನ್ನನ್ನು ಒಂದು ಮಾತೂ ಕೇಳಲಿಲ್ಲ: ಎರಡರಲ್ಲೂ ಏನೇನಿದೆ?

ಪೆಟ್ಟಿಗೆಯನ್ನು ವಾಪಸು ತಂದು, ನಾಲ್ಕು ರಾತ್ರಿ ಕೂತು ನಾನೇ ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದೆಲ್ಲ ಯಾಕೆ ಎನ್ನಬೇಡಿ. ನಾವು ಬರೆಯುವುದು ಈಗ ಇದರ ಮೇಲೆಯೇ.

ಈಗಿನ ಕಂಪ್ಯೂಟರು ಏಳುವಾಗ ಮೊದಲು ಡ್ರೈವಿನಲ್ಲಿರುವ ಒಂದು ಪುಟ್ಟ ಕೋಣೆಯನ್ನು ಹುಡುಕುತ್ತದೆ. ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂದು ಅದರ ಹೆಸರು. ಕೆಲವು ನೂರು ಎಂಬಿಯಷ್ಟು ದೊಡ್ಡದು, ಅಷ್ಟೆ. ಯಾವ ವ್ಯವಸ್ಥೆಯನ್ನು ಹೇಗೆ ಎಬ್ಬಿಸಬೇಕು ಎಂಬ ಕಡತಗಳು ಆ ಕೋಣೆಯಲ್ಲಿರುತ್ತವೆ. ಯಾವ ಕೋಣೆಗೆ ಹೋಗಬೇಕೆಂಬ ವಿಳಾಸದ ಚೀಟಿ ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ. ಹಿಂದಿನ ವರ್ಷ ನಾನು ಎರಡೂ ಡ್ರೈವ್ ಜೋಡಿಸಿಟ್ಟುಕೊಂಡೇ ಲಿನಕ್ಸ್ ಹಾಕಿದ್ದೆ. ವ್ಯವಸ್ಥೆ ಪೂರ್ತಿ ಹೊಸ ಎಸ್‌ಎಸ್‌ಡಿಯಲ್ಲಿ ಕೂತಿತ್ತು. ಆದರೆ ಎಬ್ಬಿಸುವ ಕಡತ ಮಾತ್ರ ಹಳೆಯ ಹಾರ್ಡ್‌ಡಿಸ್ಕಿನ ಕೋಣೆಗೆ ಹೋಗಿತ್ತು. ಅದು ಎಲ್ಲಿಗೆ ಹೋಗುತ್ತಿದೆ ಎಂದು ನೋಡದೆ ‘ಮುಂದೆ, ಮುಂದೆ’ ಒತ್ತಿದವಳು ನಾನೇ. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡು, ಹೊಸ ಮನೆಯ ಬೀಗದ ಕೈಯನ್ನು ಹಳೆ ಮನೆಯ ಗೂಟಕ್ಕೆ ನೇತುಹಾಕಿದ ಹಾಗೆ. ಹಳೆ ಡಿಸ್ಕ್ ಬಿಚ್ಚಿದಾಗ ಹೊಸದಕ್ಕೆ ಕೀಲಿ ಇರಲಿಲ್ಲ. ಡಿಸ್ಕ್ ಕಾಣದೆ ಹೋದಾಗ ಮದರ್‌ಬೋರ್ಡು ಲಿನಕ್ಸಿನ ಚೀಟಿಯನ್ನೂ ಹರಿದುಹಾಕಿತು. ಮತ್ತೆ ಜೋಡಿಸಿದಾಗ ಅದಕ್ಕೆ ತಾನಾಗಿ ಸಿಕ್ಕಿದ ಚೀಟಿ ವಿಂಡೋಸಿನದು ಮಾತ್ರ. ಅಧ್ಯಾಯಗಳಿಗೆ ಏನೂ ಆಗಿರಲಿಲ್ಲ. ಬಾಗಿಲು ಮಾತ್ರ ಕಾಣೆಯಾಗಿತ್ತು.

ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಮೊದಲು ಎರಡೂ ಡ್ರೈವುಗಳ ಕಡತಗಳನ್ನು ಹೊರಗೆ ನಕಲು ಮಾಡಿಕೊಂಡೆ. ಯಾವ ರಿಪೇರಿಗೂ ಇದೇ ಮೊದಲ ಹೆಜ್ಜೆ. ಹಳೆ ಡಿಸ್ಕಿನದು ಮುಗಿಯಲು ಒಂದಿಡೀ ರಾತ್ರಿ ಹಿಡಿಯಿತು. ಆಮೇಲೆ ಎಸ್‌ಎಸ್‌ಡಿಯಲ್ಲೇ ಜಾಗ ಬಿಡಿಸಿ ಅದಕ್ಕೆಂದೇ ಒಂದು ಇಎಫ್‌ಐ ಕೋಣೆ ಕಟ್ಟಿ, ಗ್ರಬ್ ಎಂಬ ಬೂಟ್‌ಲೋಡರನ್ನು ಅಲ್ಲಿಗೆ ಹಾಕಿದೆ. ಈಗ ಯಾವ ಡ್ರೈವ್ ಬಿಚ್ಚಿದರೂ ಇನ್ನೊಂದು ಏಳುತ್ತದೆ. ಎರಡು ಡ್ರೈವಿನಲ್ಲಿ ಎರಡು ವ್ಯವಸ್ಥೆ ಹಾಕುವವರಿಗೆ ನನ್ನ ಒಂದೇ ಮಾತು: ಎರಡನೆಯದನ್ನು ಹಾಕುವಾಗ ಮೊದಲನೆಯದರ ಕೇಬಲ್ ಕಿತ್ತಿಡಿ. ಅವರವರ ಕೀಲಿ ಅವರವರ ಮನೆಯಲ್ಲಿರಲಿ. ಇನ್ನೆರಡು ಸಣ್ಣ ಮಾತು. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪಿದರೆ ಬ್ಯಾಟರಿ ಹೋಯಿತೆಂದು ಹೊಸದು ತರಬೇಡಿ. ಒಂದು ವ್ಯವಸ್ಥೆ ಒಳಗಿನ ಗಡಿಯಾರವನ್ನು ಭಾರತದ ಸಮಯವೆಂದೂ ಇನ್ನೊಂದು ಗ್ರೀನಿಚ್ ಸಮಯವೆಂದೂ ಓದುತ್ತಿರುತ್ತದೆ. ವಿಂಡೋಸಿನ ಡ್ರೈವಿಗೆ ಲಿನಕ್ಸಿನಿಂದ ಬರೆಯಲಾಗದಿದ್ದರೆ ಅಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದೆಯೇ ನೋಡಿ. ಅದು ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುತ್ತದೆ.

ಇಲ್ಲಿಗೆ ರಿಪೇರಿ ಮುಗಿಯಿತು. ಜಗಳ ಶುರುವಾಗುವುದು ಈಗ.

ಎಲ್ಲ ಸರಿಹೋದ ಮೇಲೆ ಅಪ್ಪನ ಪ್ರಶ್ನೆ ಮತ್ತೆ ನೆನಪಾಯಿತು. ನಾನು ಬರೆಯುವುದು, ಓದುವುದು, ಧ್ವನಿಮುದ್ರಣ ಕೇಳುವುದು ಎಲ್ಲ ಲಿನಕ್ಸಿನಲ್ಲಿ. ಹಾಗಾದರೆ ಸದ್ದು ಮಾಡುವ ಹಳೆ ಡಿಸ್ಕನ್ನು, ಅದರೊಳಗಿನ ಬೆಂಬಲ ಮುಗಿದ ವ್ಯವಸ್ಥೆಯನ್ನು ಜೋಪಾನ ಮಾಡುತ್ತಿರುವುದು ಯಾಕೆ? ಆಟಕ್ಕಲ್ಲ, ಲೆಕ್ಕಕ್ಕಲ್ಲ, ಇಂಗ್ಲಿಷಿಗೂ ಅಲ್ಲ. ಕನ್ನಡಕ್ಕೆ! ನನ್ನ ಪ್ರಬಂಧ ಹುಣಸೂರು ಸೀಮೆಯ ಹೆಂಗಸರ ಸೋಬಾನೆ ಪದಗಳ ಮೇಲೆ. ಅದರ ಮೂಲಸಾಮಗ್ರಿಯಲ್ಲಿ 212 ಪದಗಳು, ನನಗಿಂತ ಹಿರಿಯ ಸಂಶೋಧಕರೊಬ್ಬರು ಹಳ್ಳಿಹಳ್ಳಿ ತಿರುಗಿ ಬರೆದುಕೊಂಡು, ಡಿಟಿಪಿ ಮಾಡಿಸಿ, ‘ನೀನಾದರೂ ಏನಾದರೂ ಮಾಡು’ ಎಂದು ನನ್ನ ಕೈಗಿಟ್ಟವು. ಅವುಗಳಲ್ಲಿ 30ಕ್ಕೂ ಹೆಚ್ಚು ನಮ್ಮ ಅಜ್ಜಿ ಹೇಳಿದವು. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವುಗಳ ಧ್ವನಿಮುದ್ರಣವಿಲ್ಲ, ಅಕ್ಷರ ಮಾತ್ರ ಉಳಿದಿದೆ. ಆ ಅಕ್ಷರ ಇರುವುದು ಹಳೆಯ ಆಸ್ಕಿ ಫಾಂಟಿನಲ್ಲಿ.

ಆಸ್ಕಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಒಂದು ಉದಾಹರಣೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ ಉಳಿಸಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಏಳು ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಬಾಗಿದ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಕಡತದೊಳಗೆ ನಿಜವಾಗಿ ಇರುವುದು ಇವೇ. ಫಾಂಟ್ ಎಂಬ ಮುಖವಾಡ ಹಾಕಿದಾಗ ಮಾತ್ರ ಅವು ಕನ್ನಡದಂತೆ ಕಾಣುತ್ತವೆ. ಯೂನಿಕೋಡಿನಲ್ಲಿ ಅದೇ ಪದ ಐದು ಸಂಕೇತ: ಕ, ನ, ವಿರಾಮ, ನ, ಡ. ಯಾವ ಫಾಂಟ್ ಇದ್ದರೂ, ಇಲ್ಲದಿದ್ದರೂ, ಒಳಗಿರುವುದು ಕನ್ನಡವೇ. ಒಂದರಲ್ಲಿ ನಾವು ಕನ್ನಡದ ಚಿತ್ರ ಬರೆಯುತ್ತೇವೆ, ಇನ್ನೊಂದರಲ್ಲಿ ಕನ್ನಡ ಬರೆಯುತ್ತೇವೆ.

ಇದರಲ್ಲಿ ಹಿಂದಿನವರನ್ನು ದೂರುವಂಥದ್ದು ಏನೂ ಇಲ್ಲ. ಕಂಪ್ಯೂಟರಿಗೆ ಕನ್ನಡವೇ ಬಾರದ ಕಾಲದಲ್ಲಿ ಇದ್ದ 256 ಮನೆಗಳಲ್ಲೇ ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಕೂರಿಸಿದವರು ಸಣ್ಣವರಲ್ಲ. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಇಲ್ಲದಿದ್ದರೆ ನನ್ನ ಕೈಗೆ ಆ 212 ಪದಗಳೂ ಬರುತ್ತಿರಲಿಲ್ಲ. ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡು ಓಡಾಡಿದ್ದು ಸುಮ್ಮನೆ ಅಲ್ಲ. ಇಂದು ಲಿನಕ್ಸಿನ ಕೀಲಿಮಣೆ ಪಟ್ಟಿ ತೆರೆದು ನೋಡಿ: ‘ಕಗಪ’ ಎಂಬ ಹೆಸರಿನಲ್ಲೇ ಆ ವಿನ್ಯಾಸ ಅಲ್ಲಿದೆ. ಕನ್ನಡಕ್ಕೆ ಮಾತ್ರವಲ್ಲ, ಹಿಂದಿ, ಮರಾಠಿ, ಸಂಸ್ಕೃತಕ್ಕೂ ಇದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳನ್ನು ಹಿಂದಿ ಟೈಪ್ ಮಾಡುವವರೂ ಆರಿಸಿಕೊಳ್ಳುತ್ತಾರೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನನ್ನ ಜಗಳ ಅವರ ಜೊತೆಗಲ್ಲ. ಅವರು ಸೇತುವೆ ಕಟ್ಟಿದರು. ಆಚೆ ದಡ ಸಿಕ್ಕ ಮೇಲೂ ಸೇತುವೆಯ ಮೇಲೆಯೇ ಮನೆ ಕಟ್ಟಿಕೊಂಡವರು ನಾವು. ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಅದರಲ್ಲೇ ಕನ್ನಡಕ್ಕೆ ಜಾಗವಿತ್ತು. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಹೊಸ ವ್ಯವಸ್ಥೆಯ ಸುದ್ದಿ ಹೇಳಿದ್ದೂ ಅದೇ ವರ್ಷ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟ್ ಇತ್ತು. ನುಡಿಯ ಮುಂದಿನ ಆವೃತ್ತಿಗಳೂ ಯೂನಿಕೋಡಿಗೆ ಬಂದವು. ಅಂದರೆ ‘ವಿಂಡೋಸಿನಲ್ಲಿ ಹಾಗೆ, ಲಿನಕ್ಸಿನಲ್ಲಿ ಹೀಗೆ’ ಎಂಬ ನೆಪವೂ ಇಲ್ಲ. ಎರಡೂ ಕಡೆ ಕನ್ನಡ ಯಾವತ್ತೋ ಬಂದು ಕೂತಿದೆ. ಬಾರದೆ ಇರುವುದು ನಮ್ಮ ಅಭ್ಯಾಸ.

ಇಂಥ ಅಭ್ಯಾಸಕ್ಕೆ ಕೊಡುವ ಕಾರಣಗಳನ್ನು ನಾನು ಐದು ವರ್ಷದಿಂದ ಕೇಳುತ್ತಿದ್ದೇನೆ. ಮೊದಲನೆಯದು, ‘ಯೂನಿಕೋಡ್ ಫಾಂಟ್ ಅಂದವಾಗಿಲ್ಲ, ಪುಸ್ತಕಕ್ಕೆ ಒಪ್ಪುವುದಿಲ್ಲ.’ ಒಂದು ಕಾಲಕ್ಕೆ ಇದು ನಿಜವಿತ್ತು. ಈಗ ಲೋಹಿತ್, ನೋಟೋ, ನವಿಲು, ಗುಬ್ಬಿ ಮುಂತಾಗಿ ದುಡ್ಡು ಕೊಡದೆ ಬಳಸಬಹುದಾದ ಫಾಂಟುಗಳೇ ಎಷ್ಟೋ ಇವೆ. ಇನ್ನೂ ಅಂದದವು ಬೇಕಾದರೆ ಕೇಳುವವರು ಹೆಚ್ಚಾಗಬೇಕು, ಆಗ ಮಾಡುವವರೂ ಹೆಚ್ಚಾಗುತ್ತಾರೆ. ಎರಡನೆಯದು, ‘ಪ್ರಕಾಶಕರು ಪೇಜ್‌ಮೇಕರಿನಲ್ಲೇ ಕೇಳುತ್ತಾರೆ.’ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲೇ. ಅದಾದ ಮೇಲೆ ಹುಟ್ಟಿದ ಮಕ್ಕಳು ಈಗ ಪುಸ್ತಕ ಬರೆಯುತ್ತಿದ್ದಾರೆ. ಇನ್‌ಡಿಸೈನ್ ಇದೆ, ಪುಕ್ಕಟೆ ಸಿಗುವ ಸ್ಕ್ರೈಬಸ್ ಇದೆ. ಯೂನಿಕೋಡ್ ಕನ್ನಡ ಎರಡರಲ್ಲೂ ಕೂರುತ್ತದೆ. ಮೂರನೆಯದು, ‘ಪಾಪ, ಡಿಟಿಪಿಯವರ ಹೊಟ್ಟೆಪಾಡು.’ ನನಗೆ ಟೈಪ್ ಮಾಡಿಕೊಡುವ ಅಕ್ಕನನ್ನೇ ಕೇಳಿದೆ. ‘ನಂಗೇನು ಮೇಡಂ, ಕೀಲಿ ಎಲ್ಲಾ ಅವೇ. ನೀವು ಕೇಳಿದ್ರೆ ಯೂನಿಕೋಡಲ್ಲೇ ಮಾಡಿಕೊಡ್ತೀನಿ. ಯಾರೂ ಕೇಳಲ್ಲ’ ಎಂದರು. ಕೇಳದವರು ಅವರಲ್ಲ, ನಾವು.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಅಪಾಯದ್ದು: ‘ಕನ್ವರ್ಟರ್ ಇದೆಯಲ್ಲ, ಬೇಕಾದಾಗ ಬದಲಾಯಿಸಿಕೊಂಡರಾಯಿತು.’ ಕನ್ವರ್ಟರುಗಳಿವೆ, ಒಳ್ಳೆಯವೇ ಇವೆ. ಆದರೆ ‘ಕನಾರ್ಟಕ’, ‘ಕಾಯರ್ಕ್ರಮ’, ‘ಧಮರ್’ ಎಂಬ ಪದಗಳನ್ನು ನೀವು ಎಲ್ಲೋ ಓದಿರುತ್ತೀರಿ. ಹಳೆ ಫಾಂಟಿನಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಬದಲಾಯಿಸುವಾಗ ಅದು ಜಾಗ ತಪ್ಪಿದರೆ ನಾಡಿನ ಹೆಸರೂ ಉಳಿಯುವುದಿಲ್ಲ. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ‘ಕನಾರ್ಟಕ’ವನ್ನು ಯಾರಾದರೂ ತಿದ್ದಬಹುದು. ಸೋಬಾನೆ ಪದದ ಆಡುಮಾತನ್ನು ತಿದ್ದುವವರು ಯಾರು?

ಇದು ನನಗೆ ಅರ್ಥವಾದದ್ದು ನಮ್ಮ ದೊಡ್ಡಮ್ಮನ ಮುಂದೆ ಕೂತಾಗ. ಯಂತ್ರ ಸರಿಹೋದ ವಾರವೇ ಎಲ್ಲ ಪದಗಳನ್ನೂ ಯೂನಿಕೋಡಿಗೆ ತಂದು, ಎರಡು ಪ್ರತಿ ಮಾಡಿ, ಮುದ್ರಿಸಿಕೊಂಡು ಹೋಗಿ ಒಂದೊಂದೇ ಓದಿ ಹೇಳಿದೆ. ಒಂದು ಕಡೆ ‘ಬಾಳೆ’ ಎಂದು ಓದಿದಾಗ ದೊಡ್ಡಮ್ಮ ತಡೆದರು. ‘ಬಾಳೆ ಅಲ್ಲ ಕಣವ್ವ, ಬಳೆ. ಹೆಣ್ಣಿಗೆ ಬಳೆ ತೊಡಿಸೋವಾಗ ಹೇಳೋ ಪದ ಅದು. ಅಲ್ಲಿ ಬಾಳೆ ಯಾಕೆ ಬಂದದು?’ ಕನ್ವರ್ಟರು ಮಾಡಿದ ತಪ್ಪೋ, ಟೈಪ್ ಮಾಡಿದವರದ್ದೋ, ಇಂದು ಹೇಳಲಾಗದು. ಎರಡೂ ಸರಿಯಾದ ಕನ್ನಡ ಪದಗಳೇ. ಯಾವ ಕಾಗುಣಿತ ಪರೀಕ್ಷಕವೂ ಅದನ್ನು ಹಿಡಿಯುವುದಿಲ್ಲ. ಒಂದು ದೀರ್ಘ ಹೆಚ್ಚಾಗಿ ಬಳೆಶಾಸ್ತ್ರದ ಪದ ತೋಟದ ಪದವಾಗಿತ್ತು. ನಾನು ಅದರ ಮೇಲೆ ‘ಕೃಷಿ ಪ್ರತಿಮೆಗಳು’ ಎಂದು ಅರ್ಧ ಪುಟ ವಿಶ್ಲೇಷಣೆ ಬರೆದಿದ್ದೆ! ದೊಡ್ಡಮ್ಮನಿಗೆ ಈಗ 76 ವರ್ಷ. ಅಂದು ಅವರು ತಿದ್ದಿದ್ದು 19 ಕಡೆ.

ಆದ್ದರಿಂದ ‘ಬೇಕಾದಾಗ’ ಎಂಬುದು ಸುಳ್ಳು ಮಾತು. ಯಂತ್ರಕ್ಕೆ ಕಾಲಾವಕಾಶವಿದೆ, ಹಳೆ ವಿಂಡೋಸನ್ನು ಹೇಗಾದರೂ ಇನ್ನಷ್ಟು ವರ್ಷ ಓಡಿಸಬಹುದು. ಕಾಲಾವಕಾಶವಿಲ್ಲದಿರುವುದು ಕರಡು ತಿದ್ದಬಲ್ಲವರಿಗೆ. ನಮ್ಮ ಜಾನಪದದ, ಆಡುಮಾತಿನ, ಊರಿನ ಹೆಸರುಗಳ, ಹರಕೆ ಆಚರಣೆಗಳ ಕಡತಗಳನ್ನು ಓದಿ ‘ಇದು ಹಂಗಲ್ಲ’ ಎನ್ನಬಲ್ಲವರು ಕಣ್ಣೆದುರೇ ಹೋಗುತ್ತಿದ್ದಾರೆ. ಅವರು ಹೋದ ಮೇಲೆ ಬದಲಾಯಿಸಿದ ಕಡತ ನೋಡಲು ಚೆನ್ನಾಗಿರುತ್ತದೆ. ಅದರಲ್ಲಿ ಬಾಳೆ ಬಾಳೆಯಾಗಿಯೇ ಉಳಿಯುತ್ತದೆ.

ಈಗ ವಿಶ್ವವಿದ್ಯಾಲಯಗಳಿಗೆ ಬರೋಣ. ಪಿಎಚ್‌ಡಿ ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಶೋಧಗಂಗಾಕ್ಕೆ ಸೇರಿಸಬೇಕು ಎಂಬ ನಿಯಮವಿದೆ. ಸೇರಿಸುತ್ತೇವೆ. ಆದರೆ ಆಸ್ಕಿ ಫಾಂಟಿನ ಕನ್ನಡ ಪ್ರಬಂಧದ ಪಿಡಿಎಫ್ ತೆರೆದು, ಅದರೊಳಗೆ ಒಂದು ಕನ್ನಡ ಪದ ಹುಡುಕಿ ನೋಡಿ. ಕಣ್ಣಿಗೆ ಪುಟದ ತುಂಬ ಕಾಣುವ ಪದ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಒಳಗೆ ಅದು ಇಲ್ಲ. ನಕಲು ಪತ್ತೆ ಮಾಡುವ ತಂತ್ರಾಂಶಕ್ಕೂ ಕಾಣುವುದು ಪಿ, ಕ್ಯೂ, ಪೌಂಡಿನ ಗುರುತುಗಳೇ. ಒಬ್ಬರ ಐದು ವರ್ಷದ ಶ್ರಮ ಕಪಾಟಿನಲ್ಲಿದೆ, ಹುಡುಕುವವರ ಕೈಗೆ ಮಾತ್ರ ಸಿಗುವುದಿಲ್ಲ. ಆಮೇಲೆ ವಿಚಾರ ಸಂಕಿರಣಗಳಲ್ಲಿ ‘ಅಂತರ್ಜಾಲದಲ್ಲಿ ಕನ್ನಡ ಯಾಕೆ ಕಡಿಮೆ’ ಎಂದು ನಾವೇ ಪ್ರಬಂಧ ಮಂಡಿಸುತ್ತೇವೆ. ಕಡಿಮೆ ಬರೆದಿದ್ದೇವೆ ಎಂದಲ್ಲ, ಬರೆದದ್ದನ್ನು ಬಚ್ಚಿಟ್ಟಿದ್ದೇವೆ.

ನಾನು ಓದಿದ ವಿಭಾಗವೊಂದರಲ್ಲಿ ಅಧ್ಯಾಯವನ್ನು ಯೂನಿಕೋಡಿನಲ್ಲಿ ಕೊಟ್ಟಾಗ, ‘ನಮ್ಮ ಕಂಪ್ಯೂಟರಿನಲ್ಲಿ ಬೇರೆ ಥರ ಕಾಣುತ್ತದಮ್ಮ, ಹಳೇದರಲ್ಲೇ ಕೊಡು’ ಎಂದು ವಾಪಸು ಬಂತು. ನಾನೂ ತಲೆಬಾಗಿ ಹಳೆಯದಕ್ಕೆ ಬದಲಾಯಿಸಿ ಕೊಟ್ಟೆ. ಈ ಜಗಳದಲ್ಲಿ ನನ್ನ ಪಾಲಿನ ತಪ್ಪು ಅದು. ಹೊಸ ಮನೆ ಕಟ್ಟಿ, ಕೀಲಿಯನ್ನು ಮತ್ತೆ ಹಳೆ ಗೂಟಕ್ಕೇ ಹಾಕಿ ಬಂದೆ.

ಎರಡು ವ್ಯವಸ್ಥೆ ಇಟ್ಟುಕೊಳ್ಳುವುದನ್ನು ನಾನು ಬೇಡ ಎನ್ನುತ್ತಿಲ್ಲ. ಅಂಗಡಿಯ ಹುಡುಗ, ಹಾಸ್ಟೆಲಿನ ಗೆಳೆಯ ಇಬ್ಬರಿಗೂ ನನ್ನ ಉತ್ತರ ಇದೇ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು, ತರಗತಿಯಲ್ಲಿ ಮತ್ತೊಂದು ಆಡಿಕೊಂಡು ಬೆಳೆದ ನಮಗೆ ಎರಡು ವ್ಯವಸ್ಥೆ ಭಾರವಲ್ಲ. ಬೇಕಾದವರು ಬೇಕಾದ್ದನ್ನು ಬಳಸಲಿ. ಆದರೆ ಎರಡಿರುವುದು ಆಯ್ಕೆಯಿಂದ ಬಂದಿರಬೇಕು. ನನ್ನ ಅಜ್ಜಿಯ ಪದ ಓದಲು ಇಂಥದೇ ಯಂತ್ರ, ಇಂಥದೇ ಫಾಂಟ್, ಇಂಥದೇ ಡಿಸ್ಕ್ ಬೇಕು ಎನ್ನುವುದು ಆಯ್ಕೆಯಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಕನ್ನಡ ವಿಭಾಗಗಳು ಪ್ರಬಂಧವನ್ನು ಯೂನಿಕೋಡಿನಲ್ಲಿ ಮಾತ್ರ ತೆಗೆದುಕೊಳ್ಳಲಿ. ಜಾನಪದ ಸಂಗ್ರಹ ಇಟ್ಟುಕೊಂಡಿರುವ ಪ್ರತಿ ವಿಭಾಗವೂ ತನ್ನ ಹಳೆ ಕಡತಗಳನ್ನು ಬದಲಾಯಿಸಿ, ಎಂ.ಎ. ವಿದ್ಯಾರ್ಥಿಗಳ ಕೈಯಲ್ಲಿ ಆಯಾ ಊರಿಗೇ ಕಳಿಸಿ, ಹೇಳಿದವರ ಮುಂದೆ ಓದಿಸಲಿ. ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯದ ಪಾಠ ಬೇರೆ ಯಾವುದಿದೆ? ಲೇಖಕರು ಮುಂದಿನ ಪುಸ್ತಕ ಕೊಡುವಾಗ ಪ್ರಕಾಶಕರಿಂದ ಯೂನಿಕೋಡ್ ಪ್ರತಿಯನ್ನು ಕೇಳಿ ಪಡೆಯಲಿ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳೇ, ನಿಮ್ಮ ಪೆನ್‌ಡ್ರೈವಿನ ಮೂಲೆಯಲ್ಲಿ ಹಳೆ ಫಾಂಟಿನ ಕಡತವೊಂದು ಖಂಡಿತ ಇರುತ್ತದೆ. ಈ ವಾರ ಅದನ್ನು ಬದಲಾಯಿಸಿ, ಮುದ್ರಿಸಿ, ಮನೆಯಲ್ಲಿ ಹಿರಿಯರೊಬ್ಬರ ಮುಂದೆ ಕೂತು ಗಟ್ಟಿಯಾಗಿ ಓದಿ.

ನನ್ನ ಹಳೆ ಹಾರ್ಡ್‌ಡಿಸ್ಕ್ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಆಗಾಗ ಕಟಕಟ ಎನ್ನುತ್ತದೆ. ಈಗ ಅದರ ಸದ್ದಿಗೆ ಎದೆ ಹೊಡೆದುಕೊಳ್ಳುವುದಿಲ್ಲ. ಕೊಲೊಕ್ವಿಯಂ ಮುಗಿಯಿತು; ಅಧ್ಯಾಯಗಳನ್ನು ಯೂನಿಕೋಡಿನಲ್ಲೇ ಕೊಟ್ಟೆ, ಈ ಸಲ ವಾಪಸು ತೆಗೆದುಕೊಳ್ಳಲಿಲ್ಲ. 212 ಪದಗಳಲ್ಲಿ 140 ತಿದ್ದಿಸಿಕೊಂಡಿದ್ದೇನೆ. ಉಳಿದ 72ಕ್ಕೆ ಭಾನುವಾರ ದೊಡ್ಡಮ್ಮನ ಮನೆಗೆ ಹೋಗಬೇಕು.